ಪಾರ್ಲಿಮೆಂಟ್ ಪಕ್ಕದ ಪಾರ್ಕಿನಲ್ಲಿ ಯಹೂದಿಗಳ ಸ್ಮಾರಕ: ಇಷ್ಟು ವರ್ಷದ ಜಗಳ ಯಾಕೆ?

ಲಂಡನ್‌ಗೆ ಹೋಗುವ ಕನ್ನಡಿಗರಲ್ಲಿ ಎಷ್ಟೋ ಜನ ಥೇಮ್ಸ್ ನದಿ ದಂಡೆಯ ಬಸವಣ್ಣನ ಪ್ರತಿಮೆ ನೋಡಿಕೊಂಡೇ ಬರುತ್ತಾರೆ. 2015ರ ನವೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ ಪ್ರತಿಮೆ ಅದು. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ ಸಣ್ಣ ತೋಟದಲ್ಲಿದೆ. ಅಲ್ಲಿಂದ ಲ್ಯಾಂಬೆತ್ ಸೇತುವೆ ದಾಟಿ ಆಚೆ ದಡಕ್ಕೆ ಹೋದರೆ ಬಲಗಡೆ ಇನ್ನೊಂದು ಪಾರ್ಕ್ ಸಿಗುತ್ತದೆ. ಒಂದು ಕಡೆ ನದಿ, ಇನ್ನೊಂದು ಕಡೆ ರಸ್ತೆ, ತುದಿಯಲ್ಲಿ ಬ್ರಿಟನ್ನಿನ ಪಾರ್ಲಿಮೆಂಟ್ ಕಟ್ಟಡದ ಎತ್ತರದ ಗೋಪುರ. ಆ ಗೋಪುರದ ಹೆಸರೇ ಪಾರ್ಕಿಗೂ ಬಂದಿದೆ: ವಿಕ್ಟೋರಿಯಾ ಟವರ್ ಗಾರ್ಡನ್ಸ್. ಸುಮಾರು ಆರು ಎಕರೆ, ಅಷ್ಟೆ. ಸಾಲಾಗಿ ದೊಡ್ಡ ಪ್ಲೇನ್ ಮರಗಳು, ಹುಲ್ಲುಹಾಸು, ಬೆಂಚುಗಳು, ಮಕ್ಕಳು ಆಡುವ ಜಾಗ.

ಹಾಲೊಕಾಸ್ಟ್‌ನಲ್ಲಿ, ಅಂದರೆ ನಾಜಿಗಳು ನಡೆಸಿದ ನರಮೇಧದಲ್ಲಿ, ಸತ್ತ 60 ಲಕ್ಷ ಯಹೂದಿಗಳಿಗೆ ಬ್ರಿಟನ್ನಿನ ರಾಷ್ಟ್ರೀಯ ಸ್ಮಾರಕ ಇಲ್ಲೇ ಆಗಬೇಕು ಎಂದು ಸರ್ಕಾರ ಘೋಷಿಸಿದ್ದು 2016ರಲ್ಲಿ. ಆಮೇಲೆ ಪ್ರಧಾನಿಗಳು ಒಬ್ಬರ ಹಿಂದೆ ಒಬ್ಬರು ಬದಲಾದರು. ಆಳುವ ಪಕ್ಷವೇ ಬದಲಾಯಿತು. ಹೈಕೋರ್ಟ್ ಅನುಮತಿ ರದ್ದು ಮಾಡಿತು. ಹಳೆಯ ಕಾನೂನೊಂದನ್ನು ಬದಿಗೆ ಸರಿಸಲು ಹೊಸ ಮಸೂದೆಯನ್ನೇ ತಂದರು. ಜಗಳ ಮಾತ್ರ ನಿಂತಿಲ್ಲ.

ದೂರದಿಂದ ನೋಡಿದವರಿಗೆ ಇದು ಸ್ಮಾರಕ ಬೇಕು ಎನ್ನುವವರಿಗೂ ಬೇಡ ಎನ್ನುವವರಿಗೂ ನಡೆಯುತ್ತಿರುವ ಜಗಳ ಅನ್ನಿಸಬಹುದು. ಹಾಗಲ್ಲ. ಸ್ಮಾರಕ ಬೇಡ ಎನ್ನುವವರು ಇಲ್ಲಿ ತೀರಾ ಕಡಿಮೆ. ಎರಡೂ ಕಡೆ ಯಹೂದಿಗಳಿದ್ದಾರೆ. ನಾಜಿ ಶಿಬಿರಗಳಿಂದ ಬದುಕಿ ಬಂದವರೂ ಎರಡೂ ಕಡೆ ಇದ್ದಾರೆ. ಪ್ರಶ್ನೆ ಇರುವುದು ಜಾಗದ ಬಗ್ಗೆ. ದಿನಾ ಜನ ಬಂದು ಕೂರುವ, ಮಕ್ಕಳು ಓಡಾಡುವ ಒಂದು ಪಾರ್ಕಿನ ಮೇಲೆ ಇಷ್ಟು ದೊಡ್ಡ ಸಾವಿನ ನೆನಪನ್ನು ಎಷ್ಟರ ಮಟ್ಟಿಗೆ ಹೊರಿಸಬಹುದು? ನನ್ನ ಮಟ್ಟಿಗೆ ಹೇಳುವುದಾದರೆ, ಪಾರ್ಕು ಖಂಡಿತ ನೆನಪಿನ ಜಾಗ ಆಗಬಹುದು. ಆದರೆ ಯಹೂದಿಗಳ ವಿಷಯದಲ್ಲಿ ಒಂದು ಮಾತು ಬಿಡುವಂತಿಲ್ಲ. ಯಾರು ಬೇಕಾದರೂ ಬಂದು ಕೂರಬಹುದಾದ ಪಾರ್ಕಾಗಿಯೇ ಅದು ಉಳಿಯಬೇಕು. ಯಾಕೆ ಅನ್ನುವುದಕ್ಕೆ ಉತ್ತರ ಲಂಡನ್ನಿನಲ್ಲಿಲ್ಲ. ವಿಯೆನ್ನಾ, ಬರ್ಲಿನ್, ಆಮ್‌ಸ್ಟರ್‌ಡಾಮಿನ ಪಾರ್ಕುಗಳಲ್ಲಿದೆ. ಅಲ್ಲಿಗೆ ಹೋಗುವ ಮುಂಚೆ ಲಂಡನ್ನಿನ ಕಥೆಯನ್ನು ಸ್ವಲ್ಪ ಬಿಡಿಸಿ ನೋಡೋಣ.

ಡೇವಿಡ್ ಕ್ಯಾಮರಾನ್ ಪ್ರಧಾನಿಯಾಗಿದ್ದಾಗ, 2014ರಲ್ಲಿ, ಒಂದು ಹಾಲೊಕಾಸ್ಟ್ ಆಯೋಗ ಕೆಲಸ ಶುರು ಮಾಡಿತು. ಬದುಕುಳಿದವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ, ಅವರು ಹೋದ ಮೇಲೆ ಈ ನೆನಪನ್ನು ಉಳಿಸಿಕೊಳ್ಳುವುದು ಹೇಗೆ ಎನ್ನುವುದು ಅದರ ಮುಂದಿದ್ದ ಪ್ರಶ್ನೆ. 2015ರ ಜನವರಿಯಲ್ಲಿ ವರದಿ ಬಂತು. ಲಂಡನ್ ನಡುವೆ ಎದ್ದು ಕಾಣುವಂಥ ರಾಷ್ಟ್ರೀಯ ಸ್ಮಾರಕ ಬೇಕು, ಅದರ ಜೊತೆಗೆ ಒಳ್ಳೆಯ ಕಲಿಕಾ ಕೇಂದ್ರ ಬೇಕು ಎಂದು ಅದು ಹೇಳಿತು. ಎಲ್ಲ ದೊಡ್ಡ ಪಕ್ಷಗಳೂ ಒಪ್ಪಿದವು. ಸರ್ಕಾರ 5 ಕೋಟಿ ಪೌಂಡ್ ಕೊಡುತ್ತೇನೆಂದಿತು. ಮುಂದಿನ ವರ್ಷ ಕ್ಯಾಮರಾನ್ ಈ ಪಾರ್ಕಿನ ಹೆಸರು ಹೇಳಿದರು. ವಿನ್ಯಾಸಕ್ಕೆ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. 2017ರಲ್ಲಿ ಅಡ್ಜಾಯೆ ಅಸೋಸಿಯೇಟ್ಸ್, ರಾನ್ ಅರಾದ್, ಗುಸ್ಟಾಫ್ಸನ್ ಪೋರ್ಟರ್ ಪ್ಲಸ್ ಬೋಮನ್ ಸೇರಿದ ತಂಡ ಗೆದ್ದಿತು.

ಅವರ ವಿನ್ಯಾಸ ಹೀಗಿದೆ. ಪಾರ್ಕಿನ ದಕ್ಷಿಣದ ತುದಿಯಲ್ಲಿ ನೆಲ ನಿಧಾನವಾಗಿ ಏರುತ್ತದೆ. ಆ ದಿಬ್ಬದಿಂದ 23 ಎತ್ತರದ ಕಂಚಿನ ಹಲಗೆಗಳು ಸಾಲಾಗಿ ಮೇಲೆದ್ದಿರುತ್ತವೆ. ಅವುಗಳ ನಡುವೆ 22 ಸಂದುಗಳು. ಹಾಲೊಕಾಸ್ಟ್‌ನಲ್ಲಿ ಯಹೂದಿ ಸಮುದಾಯಗಳು ನಾಶವಾದ ದೇಶಗಳು 22, ಒಂದೊಂದು ದೇಶಕ್ಕೆ ಒಂದೊಂದು ಸಂದು. ಆ ಇಕ್ಕಟ್ಟಿನಲ್ಲಿ ಒಬ್ಬೊಬ್ಬರೇ ನಡೆದು ಕೆಳಗಿಳಿಯಬೇಕು. ಕೆಳಗೆ, ನೆಲದಡಿಯಲ್ಲಿ, ಕಲಿಕಾ ಕೇಂದ್ರ. ಒಳಗೆ ಹೋಗುವವರ ಬ್ಯಾಗು ತಪಾಸಣೆಗೆ ಮೇಲೊಂದು ಪ್ರವೇಶ ಮಂಟಪ. ಇಡೀ ಯೋಜನೆ ಪಾರ್ಕಿನ ಶೇ. 7.5ರಷ್ಟು ಜಾಗವನ್ನು ಮಾತ್ರ ತೆಗೆದುಕೊಳ್ಳುತ್ತದೆ ಎನ್ನುತ್ತದೆ ಸರ್ಕಾರ. ವಿರೋಧಿಸುವವರು ಈ ಲೆಕ್ಕ ಒಪ್ಪುವುದಿಲ್ಲ. ದಿಬ್ಬ, ಇಳಿಜಾರು, ಮಂಟಪ, ಕಾಯುವ ಸಾಲು ಎಲ್ಲ ಸೇರಿದರೆ ಜಾಸ್ತಿಯೇ ಆಗುತ್ತದೆ ಎನ್ನುವುದು ಅವರ ವಾದ. ಇಷ್ಟು ಸಣ್ಣ ಪಾರ್ಕಿಗೆ ವರ್ಷಕ್ಕೆ ಲಕ್ಷಾಂತರ ಜನ ಬಂದರೆ ಅದು ಪಾರ್ಕಾಗಿ ಉಳಿಯುತ್ತದಾ ಎಂದು ಅವರು ಕೇಳುತ್ತಾರೆ. ಕಬ್ಬನ್ ಪಾರ್ಕ್ ಒಳಗೆ ಕಟ್ಟಡ ಬೇಡ ಎಂದು ಬೀದಿಗಿಳಿದ ಬೆಂಗಳೂರಿನವರಿಗೆ ಈ ಪ್ರಶ್ನೆ ಹೊಸದಲ್ಲ.

ಇನ್ನು ಆ ಪಾರ್ಕು ಬರೀ ಹುಲ್ಲಿನ ಜಾಗವಲ್ಲ. ಈಗಾಗಲೇ ಅದು ನೆನಪಿನ ಜಾಗವೇ. ಪಾರ್ಲಿಮೆಂಟ್ ಕಡೆಯಿಂದ ಒಳಗೆ ಬಂದರೆ ಎಮೆಲಿನ್ ಪ್ಯಾಂಕ್‌ಹರ್ಸ್ಟ್ ಪ್ರತಿಮೆ. ಹೆಂಗಸರಿಗೆ ಮತದ ಹಕ್ಕು ಬೇಕೆಂದು ಹೋರಾಡಿ ಜೈಲಿಗೆ ಹೋದವರು. ತೀರಿಕೊಂಡದ್ದು 1928ರಲ್ಲಿ, ಪ್ರತಿಮೆ ಬಂದದ್ದು 1930ರಲ್ಲಿ. ಸ್ವಲ್ಪ ಮುಂದೆ ಫ್ರಾನ್ಸಿನ ಶಿಲ್ಪಿ ರೋಡಾನ್ ಮಾಡಿದ ಕಂಚಿನ ಶಿಲ್ಪ, ಅದೇ ದೇಶದ ಕ್ಯಾಲೆ ಪಟ್ಟಣದ ಆರು ಜನ ನಾಗರಿಕರು. 1347ರಲ್ಲಿ ಇಂಗ್ಲೆಂಡಿನ ರಾಜನ ಮುತ್ತಿಗೆಗೆ ಸಿಕ್ಕಿದ ಊರನ್ನು ಉಳಿಸಲು ತಮ್ಮ ಪ್ರಾಣ ಕೊಡಲು ಮುಂದೆ ಬಂದವರು ಅವರು. ಶಿಲ್ಪದಲ್ಲಿ ಅವರ ಕುತ್ತಿಗೆಗೆ ಹಗ್ಗ ಇದೆ, ಮುಖದಲ್ಲಿ ಭಯ ಇದೆ. ಇನ್ನೂ ಮುಂದೆ, ಬಣ್ಣದ ಚಾವಣಿಯ ಬಕ್ಸ್‌ಟನ್ ಕಾರಂಜಿ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮರ ಬಿಡುಗಡೆಗೆ ದುಡಿದವರ ನೆನಪಿಗೆ ಚಾರ್ಲ್ಸ್ ಬಕ್ಸ್‌ಟನ್ 1866ರಲ್ಲಿ ಕಟ್ಟಿಸಿದ್ದು. ಮೊದಲು ಪಾರ್ಲಿಮೆಂಟ್ ಚೌಕದಲ್ಲಿತ್ತು. ಅಲ್ಲಿಂದ ತೆಗೆದು 1957ರಲ್ಲಿ ಇಲ್ಲಿಗೆ ತಂದರು. ಅದರಾಚೆ ಮಕ್ಕಳ ಆಟದ ಜಾಗ. ಅಲ್ಲಿ 1923ರಿಂದಲೂ ಮಕ್ಕಳು ಆಡುತ್ತಿದ್ದಾರೆ.

ಈ ಮೂರೂ ಸ್ಮಾರಕಗಳಲ್ಲಿ ಒಂದು ಸಮಾನ ಅಂಶ ಇದೆ. ಯಾವುದಕ್ಕೂ ಬಾಗಿಲಿಲ್ಲ. ಊಟದ ಡಬ್ಬಿ ಹಿಡಿದು ಬಂದ ಆಫೀಸಿನವರು ಅದೇ ಕಾರಂಜಿಯ ಪಕ್ಕದಲ್ಲಿ ಕೂತು ತಿನ್ನುತ್ತಾರೆ. ಓದಬೇಕೆನ್ನಿಸಿದವರು ಕಲ್ಲಿನ ಮೇಲಿನ ಬರಹ ಓದುತ್ತಾರೆ, ಬೇಡವೆಂದವರು ಸುಮ್ನೆ ನಡೆದು ಹೋಗುತ್ತಾರೆ.

ಯೋಜನೆಗೆ ನಿಜವಾದ ಪೆಟ್ಟು ಬಿದ್ದದ್ದು ಹಳೆಯ ಕಾನೂನಿನಿಂದ. 19ನೇ ಶತಮಾನದಲ್ಲಿ ಈ ನದಿ ದಂಡೆಯ ದಕ್ಷಿಣ ಭಾಗದಲ್ಲಿ ಸರಕು ಇಳಿಸುವ ಕಟ್ಟೆಗಳು, ಗಿರಣಿಗಳು ಇದ್ದವು. ಉತ್ತರದ ತುದಿಯನ್ನು ಬಯಲಾಗಿಯೇ ಉಳಿಸಲು ಪುಸ್ತಕ-ಪತ್ರಿಕೆ ವ್ಯಾಪಾರಿಯೂ ಸಂಸದರೂ ಆಗಿದ್ದ ಡಬ್ಲ್ಯು. ಎಚ್. ಸ್ಮಿತ್ 1879ರಲ್ಲಿ ಸಾವಿರ ಪೌಂಡ್ ಕೊಟ್ಟರು. ದಕ್ಷಿಣದ ಜಾಗವನ್ನೂ ಸೇರಿಸಿಕೊಂಡು ತೋಟ ಬೆಳೆಸಲು 1900ರಲ್ಲಿ ಒಂದು ಕಾಯ್ದೆ ಬಂತು. ಅದರ 8ನೇ ಸೆಕ್ಷನ್ ಹೇಳಿದ್ದು ಇಷ್ಟೇ: ಈ ಜಾಗವನ್ನು ಸಾರ್ವಜನಿಕರಿಗೆ ತೆರೆದ ತೋಟವಾಗಿ ಇಟ್ಟುಕೊಳ್ಳಬೇಕು. ಸ್ಮಾರಕ ಬರಬೇಕಾದ್ದು ಸರಿಯಾಗಿ ಆ ದಕ್ಷಿಣ ಭಾಗದಲ್ಲೇ.

ವೆಸ್ಟ್‌ಮಿನ್‌ಸ್ಟರ್ ನಗರಸಭೆಯ ಮುಂದೆ ಅರ್ಜಿ ಇರುವಾಗಲೇ, 2019ರ ನವೆಂಬರ್‌ನಲ್ಲಿ, ತೀರ್ಮಾನವನ್ನು ಕೇಂದ್ರ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ನಮ್ಮ ಕೈಯಲ್ಲಿದ್ದರೆ ತಿರಸ್ಕರಿಸುತ್ತಿದ್ದೆವು ಎಂದು ನಗರಸಭೆಯ ಸಮಿತಿ 2020ರಲ್ಲಿ ಒಮ್ಮತದಿಂದ ಹೇಳಿತು. ಪಾರ್ಕನ್ನು ನೋಡಿಕೊಳ್ಳುವ ರಾಯಲ್ ಪಾರ್ಕ್ಸ್ ಸಂಸ್ಥೆಯೂ ಆಕ್ಷೇಪ ಹೇಳಿತ್ತು. ಸಾರ್ವಜನಿಕ ವಿಚಾರಣೆ ನಡೆಯಿತು. 2021ರ ಜುಲೈನಲ್ಲಿ ಸರ್ಕಾರ ತನ್ನ ಯೋಜನೆಗೆ ತಾನೇ ಅನುಮತಿ ಕೊಟ್ಟುಕೊಂಡಿತು. ಲಂಡನ್ನಿನ ಪಾರ್ಕು-ತೋಟಗಳನ್ನು ಕಾಯುವ ಟ್ರಸ್ಟ್ ಹೈಕೋರ್ಟಿಗೆ ಹೋಯಿತು. 2022ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಥಾರ್ನ್‌ಟನ್ ಅನುಮತಿ ರದ್ದು ಮಾಡಿದರು. 1900ರ ಕಾಯ್ದೆಯ ಹೊಣೆ ಇವತ್ತಿಗೂ ಜೀವಂತ, ಅದು ಕಟ್ಟಡಕ್ಕೆ ಅಡ್ಡ ಬರುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅನುಮತಿ ಕೊಟ್ಟದ್ದು ತಪ್ಪು ಎನ್ನುವುದು ತೀರ್ಪಿನ ಸಾರ. ಸ್ಮಾರಕ ಒಳ್ಳೆಯದೋ ಕೆಟ್ಟದ್ದೋ ಎಂದು ಕೋರ್ಟು ಹೇಳಲಿಲ್ಲ. ಮೇಲ್ಮನವಿಗೆ ಸರ್ಕಾರ ಪ್ರಯತ್ನಿಸಿತು, ಅವಕಾಶ ಸಿಗಲಿಲ್ಲ.

ಆಗ ಸರ್ಕಾರ ಕಾನೂನನ್ನೇ ಬದಲಿಸಲು ಹೊರಟಿತು. 2023ರಲ್ಲಿ ಹಾಲೊಕಾಸ್ಟ್ ಸ್ಮಾರಕ ಮಸೂದೆ ಬಂತು. ಅದು ಎರಡು ಕೆಲಸ ಮಾಡುತ್ತದೆ. ಖರ್ಚಿಗೆ ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ, 1900ರ ಕಾಯ್ದೆ ಈ ಕಟ್ಟಡಕ್ಕೆ ಅಡ್ಡ ಬರದಂತೆ ಮಾಡುತ್ತದೆ. ಒಂದು ನಿರ್ದಿಷ್ಟ ಜಾಗದ ಜನರ ಹಕ್ಕಿಗೆ ಇದು ಕೈ ಹಾಕುತ್ತದೆಂದು ಅಲ್ಲಿಯ ಪಾರ್ಲಿಮೆಂಟ್ ಇದನ್ನು ಮಿಶ್ರ ಮಸೂದೆ ಎಂದು ತೀರ್ಮಾನಿಸಿತು. ಹಾಗಾದಾಗ ಸಾಮಾನ್ಯ ಮಸೂದೆಗಿಲ್ಲದ ಒಂದು ಹಂತ ಸೇರಿಕೊಳ್ಳುತ್ತದೆ. ತೊಂದರೆಯಾಗುವ ನಿವಾಸಿಗಳು, ಸಂಘಗಳು ನೇರವಾಗಿ ಅರ್ಜಿ ಹಾಕಬಹುದು. ಸಂಸದರ ಸಮಿತಿ ಅವರನ್ನು ಕೂರಿಸಿ ಕೇಳಬೇಕು. ಎರಡೂ ಸದನಗಳಲ್ಲಿ ಇದು ನಡೆಯಬೇಕು. ಅದಕ್ಕೇ ಇಷ್ಟು ವರ್ಷ ಹಿಡಿಯಿತು. 2024ರ ಚುನಾವಣೆಯಲ್ಲಿ ಲೇಬರ್ ಪಕ್ಷ ಗೆದ್ದ ಮೇಲೂ ನಿಲುವು ಬದಲಾಗಲಿಲ್ಲ. ಪಾರ್ಲಿಮೆಂಟ್ ಪಕ್ಕದಲ್ಲೇ ಕಟ್ಟುತ್ತೇವೆ ಎಂದು ಕೀರ್ ಸ್ಟಾರ್ಮರ್ ಕೂಡ ಹೇಳಿದರು. ಈ ನಡುವೆ ಅಂದಾಜು ವೆಚ್ಚ ಏರುತ್ತಾ ಹೋಯಿತು. ಲೆಕ್ಕಪರಿಶೋಧನಾ ಕಚೇರಿ 2022ರಲ್ಲಿ ನೋಡಿದಾಗ 10.29 ಕೋಟಿ ಪೌಂಡ್ ಇದ್ದದ್ದು, ಮರುವರ್ಷಕ್ಕೆ 13.88 ಕೋಟಿಗೆ ಹೋಗಿತ್ತು.

ಪಾರ್ಲಿಮೆಂಟ್ ಪಕ್ಕದಲ್ಲೇ ಯಾಕೆ? ಬೆಂಬಲಿಸುವವರ ಉತ್ತರ ಗಟ್ಟಿಯಾದದ್ದು. ಜರ್ಮನಿಯಲ್ಲೂ ಚುನಾಯಿತ ಸಂಸತ್ತು ಇತ್ತು. ಅದೇ ಸಂಸತ್ತು 1933ರಲ್ಲಿ ತನ್ನ ಅಧಿಕಾರವನ್ನು ಹಿಟ್ಲರ್ ಕೈಗೆ ಕೊಟ್ಟಿತು. ಆಮೇಲೆ ಯಹೂದಿಗಳ ಮೇಲೆ ಬಂದದ್ದೆಲ್ಲ ಕಾನೂನಿನ ವೇಷದಲ್ಲೇ ಬಂತು. ಕಾನೂನು ಮಾಡುವವರ ಕಣ್ಣೆದುರೇ ಈ ನೆನಪು ಇರಲಿ ಎನ್ನುತ್ತಾರೆ ಅವರು. ಬೆನ್ ಹೆಲ್ಫ್‌ಗಾಟ್ ಈ ಯೋಜನೆಗೆ ದುಡಿದವರಲ್ಲಿ ಒಬ್ಬರು. ಪೋಲೆಂಡಿನ ಹುಡುಗ, ನಾಜಿ ಶಿಬಿರಗಳಿಂದ ಬದುಕಿ ಬಂದು, ಬ್ರಿಟನ್ ಪರ 1956 ಮತ್ತು 1960ರ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತಿದವರು. ಸ್ಮಾರಕ ನೋಡದೆಯೇ 2023ರಲ್ಲಿ, 93ರ ವಯಸ್ಸಿನಲ್ಲಿ ತೀರಿಕೊಂಡರು. ಬ್ರಿಟನ್ನಿನ ಯಹೂದಿಗಳ ಮುಖ್ಯ ರಬ್ಬಿ, ಅಂದರೆ ಧರ್ಮಗುರು, ಎಫ್ರೈಮ್ ಮಿರ್ವಿಸ್ ಕೂಡ ಇದೇ ಜಾಗ ಆಗಬೇಕು ಎನ್ನುತ್ತಾರೆ.

ಇನ್ನೊಂದು ಕಡೆ ಅನಿತಾ ಲಾಸ್ಕರ್-ವಾಲ್‌ಫಿಶ್ ಇದ್ದಾರೆ. ಆಶ್‌ವಿಟ್ಜ್ ಎಂಬ ನಾಜಿಗಳ ಸಾವಿನ ಶಿಬಿರದ ಹೆಂಗಸರ ವಾದ್ಯವೃಂದದಲ್ಲಿ ಚೆಲ್ಲೊ ನುಡಿಸಿ ಜೀವ ಉಳಿಸಿಕೊಂಡವರು. ಅವರು ಈ ಯೋಜನೆಯನ್ನು ಬಹಿರಂಗವಾಗಿ ವಿರೋಧಿಸಿದರು. ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್‌ನ ಸದಸ್ಯೆ ರೂತ್ ಡೀಚ್ ಅವರ ತಂದೆ ನಾಜಿಗಳಿಂದ ತಪ್ಪಿಸಿಕೊಂಡು ಬ್ರಿಟನ್‌ಗೆ ಬಂದವರು. ಡೀಚ್ ಅವರೂ ವರ್ಷಗಳಿಂದ ವಿರೋಧದ ಮುಂದಾಳು. ನೆಲದಡಿಯ ಸಣ್ಣ ಜಾಗದಲ್ಲಿ ಈ ಇತಿಹಾಸವನ್ನು ಸರಿಯಾಗಿ ಕಲಿಸಲಾಗದು, ಪಾರ್ಕೂ ಹಾಳು, ಕಲಿಕೆಯೂ ಅರೆಬರೆ ಎನ್ನುವುದು ಈ ಕಡೆಯವರ ಆತಂಕ. ಭಯೋತ್ಪಾದನೆ ಕಾನೂನುಗಳನ್ನು ವರ್ಷಗಟ್ಟಲೆ ಪರಿಶೀಲಿಸಿದ ಲಾರ್ಡ್ ಕಾರ್ಲೈಲ್ ಅವರದು ಭದ್ರತೆಯ ಚಿಂತೆ.

ಈ ಚಿಂತೆ ಸುಳ್ಳಲ್ಲ ಎನ್ನುವುದಕ್ಕೆ ಲಂಡನ್ನಿನಲ್ಲೇ ಒಂದು ಉದಾಹರಣೆ ಇದೆ. ಹೈಡ್ ಪಾರ್ಕಿನಲ್ಲಿ 1983ರಿಂದಲೂ ಒಂದು ಹಾಲೊಕಾಸ್ಟ್ ಸ್ಮಾರಕ ಇದೆ. ಬಿಳಿ ತೊಗಟೆಯ ಬರ್ಚ್ ಮರಗಳ ನಡುವೆ ಕೆಲವು ದೊಡ್ಡ ಬಂಡೆಗಳು. ಒಂದು ಬಂಡೆಯ ಮೇಲೆ ಹೀಬ್ರೂ ಮತ್ತು ಇಂಗ್ಲಿಷಿನಲ್ಲಿ ಬೈಬಲಿನ ಪ್ರಲಾಪಗಳಿಂದ ತೆಗೆದ ಸಾಲು, ನನ್ನ ಜನರ ನಾಶಕ್ಕಾಗಿ ನನ್ನ ಕಣ್ಣಿಂದ ನೀರು ಹರಿಯುತ್ತಿದೆ ಎಂಬ ಅರ್ಥದ್ದು. ಬೇಲಿ ಇಲ್ಲ, ಟಿಕೆಟ್ ಇಲ್ಲ. 2024ರ ಏಪ್ರಿಲ್‌ನಲ್ಲಿ ಗಾಜಾ ಯುದ್ಧದ ವಿರುದ್ಧದ ದೊಡ್ಡ ಮೆರವಣಿಗೆ ಆ ಕಡೆ ಬಂದಾಗ ಬಂಡೆಗಳನ್ನು ನೀಲಿ ಟಾರ್ಪಾಲಿನಿಂದ ಮುಚ್ಚಿ ಪೊಲೀಸರು ಕಾವಲು ನಿಂತರು. ಸತ್ತವರ ನೆನಪಿನ ಕಲ್ಲನ್ನು ಮುಚ್ಚಿಡಬೇಕಾಗಿ ಬಂದದ್ದು ನೋವಿನ ಸಂಗತಿ. ಇಂಥ ಕಾಲದಲ್ಲೇ ದೊಡ್ಡ ಸ್ಮಾರಕ ಬೇಕು ಎಂದು ಒಂದು ಕಡೆಯವರು ಹೇಳಿದರೆ, ಪಾರ್ಲಿಮೆಂಟ್ ಪಕ್ಕದ ಸ್ಮಾರಕಕ್ಕೆ ಇನ್ನೆಂಥ ಕಾವಲು ಬೇಕಾಗಬಹುದು ಯೋಚಿಸಿ ಎಂದು ಇನ್ನೊಂದು ಕಡೆಯವರು ಹೇಳುತ್ತಾರೆ.

ಈಗ ಪಾರ್ಕಿನ ಪ್ರಶ್ನೆಗೆ ಬರುತ್ತೇನೆ. ಈ ಚರ್ಚೆಯಲ್ಲಿ ಪಾರ್ಕನ್ನು ಎಲ್ಲರೂ ಬರೀ ಖಾಲಿ ಜಾಗದಂತೆ ಮಾತಾಡುತ್ತಾರೆ. ಒಬ್ಬರಿಗೆ ಅದು ಸ್ಮಾರಕಕ್ಕೆ ಸಿಕ್ಕ ನಿವೇಶನ, ಇನ್ನೊಬ್ಬರಿಗೆ ಉಳಿಸಿಕೊಳ್ಳಬೇಕಾದ ಹಸಿರು. ಆದರೆ ಹಾಲೊಕಾಸ್ಟ್ ಕಥೆಯಲ್ಲಿ ಪಾರ್ಕು ಒಂದು ಪಾತ್ರವೇ ಹೌದು.

1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಕೆಲವೇ ತಿಂಗಳಲ್ಲಿ ವಿಯೆನ್ನಾದ ಪಾರ್ಕುಗಳ ಬೆಂಚಿನ ಮೇಲೆ ಆರ್ಯರಿಗೆ ಮಾತ್ರ, ಅಂದರೆ ಯಹೂದಿಗಳಿಗಿಲ್ಲ, ಎಂಬ ಬರಹ ಬಂತು. ಆಮೇಲೆ ಪಾರ್ಕಿನೊಳಗೆ ಕಾಲಿಡುವುದೂ ನಿಷೇಧವಾಯಿತು. ಯಹೂದಿ ಮಕ್ಕಳು ಎಲ್ಲಿ ಆಡಬೇಕು? ನಗರದ ಹೊರಗಿನ ದೊಡ್ಡ ಸ್ಮಶಾನದ ಯಹೂದಿ ಭಾಗ ಮಾತ್ರ ಅವರಿಗೆ ಉಳಿದಿತ್ತು. ನಾಲ್ಕನೇ ಗೇಟಿನ ಒಳಗೆ, ಸಮಾಧಿಗಳ ನಡುವೆ ಆ ಮಕ್ಕಳು ಚೆಂಡಾಡಿದರು, ಖಾಲಿ ನೆಲದಲ್ಲಿ ತರಕಾರಿ ಬೆಳೆದರು. ಅವರಲ್ಲಿ ಎಷ್ಟೋ ಮಕ್ಕಳನ್ನು ಆಮೇಲೆ ಕೊಂದರು.

ಆಮ್‌ಸ್ಟರ್‌ಡಾಮಿನಲ್ಲಿ 1941ರ ಸೆಪ್ಟೆಂಬರ್‌ನಲ್ಲಿ ಪಾರ್ಕು, ಮೃಗಾಲಯ, ಕೆಫೆ, ಲೈಬ್ರರಿ ಎಲ್ಲ ಕಡೆ ಯಹೂದಿಗಳಿಗೆ ಪ್ರವೇಶ ನಿಷೇಧವಾಯಿತು. ಅಲ್ಲಿಂದ ಆಶ್‌ವಿಟ್ಜ್‌ಗೆ ರೈಲುಗಳು ಹೊರಟದ್ದು ಮರುವರ್ಷ, 1942ರ ಬೇಸಿಗೆಯಲ್ಲಿ. ಅಂದರೆ ರೈಲಿಗಿಂತ ಮುಂಚೆ ಬೆಂಚು ಬಂತು. ಪಕ್ಕದಲ್ಲಿ ಕೂತವರನ್ನು ಮೊದಲು ಎಬ್ಬಿಸಿದರು, ಉಳಿದವರು ಅದನ್ನು ನೋಡಿಕೊಂಡು ಕೂತೇ ಇದ್ದರು.

ಇದನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳಿದ್ದು ಬರ್ಲಿನ್ನಿನ ಬವೇರಿಯನ್ ಕ್ವಾರ್ಟರ್ ಬಡಾವಣೆ. ಯುದ್ಧಕ್ಕೆ ಮುಂಚೆ ಅಲ್ಲಿ ತುಂಬಾ ಯಹೂದಿ ಕುಟುಂಬಗಳಿದ್ದವು. ಐನ್‌ಸ್ಟೈನ್ ಮನೆ ಅಲ್ಲೇ ಇತ್ತು. 1993ರಲ್ಲಿ ರೆನಾಟಾ ಸ್ಟಿ ಮತ್ತು ಫ್ರೀಡರ್ ಷ್ನಾಕ್ ಎಂಬ ಕಲಾವಿದರು ಅಲ್ಲಿಯ ಬೀದಿ ದೀಪದ ಕಂಬಗಳಿಗೆ 80 ಫಲಕ ಕಟ್ಟಿದರು. ಒಂದು ಬದಿಗೆ ಮಕ್ಕಳ ಪುಸ್ತಕದಲ್ಲಿರುವಂಥ ಚಿತ್ರ, ಇನ್ನೊಂದು ಬದಿಗೆ ನಾಜಿ ಕಾಲದ ಒಂದು ನಿಯಮ. ಒಂದರಲ್ಲಿ ಬ್ರೆಡ್ಡಿನ ಚಿತ್ರ. ಹಿಂದೆ ಬರೆದಿರುವುದು: ಬರ್ಲಿನ್ನಿನಲ್ಲಿ ಯಹೂದಿಗಳು ಸಂಜೆ 4ರಿಂದ 5ರ ನಡುವೆ ಮಾತ್ರ ದಿನಸಿ ಕೊಳ್ಳಬಹುದು, 1940ರ ಜುಲೈ 4. ಬಡಾವಣೆಯ ನಡುವಿನ ಪಾರ್ಕಿನ ಹತ್ತಿರದ ಫಲಕ ಬೆಂಚಿನ ಬಗ್ಗೆ. ಬವೇರಿಯನ್ ಚೌಕದಲ್ಲಿ ಯಹೂದಿಗಳು ಹಳದಿ ಗುರುತಿನ ಬೆಂಚುಗಳಲ್ಲಿ ಮಾತ್ರ ಕೂರಬಹುದು, 1939ರಲ್ಲಿ ಕಣ್ಣಾರೆ ಕಂಡವರ ಹೇಳಿಕೆ. ಫಲಕ ಹಾಕುವಾಗ ಜನ ಇದನ್ನು ಹೊಸ ಯಹೂದಿ ದ್ವೇಷದ ಬರಹ ಎಂದುಕೊಂಡು ದೂರು ಕೊಟ್ಟರು. ಪೊಲೀಸರು ಕೆಲವನ್ನು ಕಿತ್ತರು. ಆಮೇಲೆ ಇವು ಸ್ಮಾರಕದ ಭಾಗ ಎಂದು ಸಣ್ಣ ವಿವರಣೆ ಸೇರಿಸಿ ಮತ್ತೆ ಹಾಕಬೇಕಾಯಿತು. ಇವತ್ತು ಅದೇ ಪಾರ್ಕಿನಲ್ಲಿ ಯಾರು ಬೇಕಾದರೂ ಯಾವ ಬೆಂಚಿನಲ್ಲಾದರೂ ಕೂರಬಹುದು. ಕೂತವರು ತಲೆ ಎತ್ತಿದರೆ ಆ ಫಲಕ ಕಾಣುತ್ತದೆ. ಅಲ್ಲಿ ಒಂದು ಇಂಚು ನೆಲವನ್ನೂ ಅಗೆದಿಲ್ಲ.

ಪಾರ್ಕಿನಲ್ಲಿ ಯಹೂದಿ ನೆನಪು ಅಂದರೆ ನನಗೆ ಮೊದಲು ಹೊಳೆಯುವುದು ಈ ಬಡಾವಣೆ. ಅದು ಪಾರ್ಕನ್ನು ಬಳಸಿಕೊಳ್ಳುವುದಿಲ್ಲ, ಪಾರ್ಕಿಗೆ ಏನಾಗಿತ್ತು ಎನ್ನುವುದನ್ನೇ ಹೇಳುತ್ತದೆ.

ಹಾಗಂತ ದೊಡ್ಡ ಸ್ಮಾರಕ ಬೇಡವೇ ಬೇಡ ಎನ್ನಲು ಆಗುವುದಿಲ್ಲ. ಪಾರ್ಕು ಅಷ್ಟೇ ಸುಲಭವಾಗಿ ಮರೆಸುವ ಜಾಗವೂ ಆಗಬಹುದು. ಕೀವ್ ನಗರದ ಬಾಬಿನ್ ಯಾರ್ ನೋಡಿ. 1941ರ ಸೆಪ್ಟೆಂಬರ್ 29 ಮತ್ತು 30ರಂದು, ಎರಡೇ ದಿನದಲ್ಲಿ ನಾಜಿಗಳು ಆ ಕಣಿವೆಯಲ್ಲಿ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಈ ಲೆಕ್ಕ ಬರೆದಿಟ್ಟವರು ಕೊಂದವರೇ. ಯುದ್ಧ ಮುಗಿದ ಮೇಲೆ ಸೋವಿಯತ್ ಆಡಳಿತ ಆ ಕಣಿವೆಯನ್ನೇ ಮುಚ್ಚಲು ಹೊರಟಿತು. ಇಟ್ಟಿಗೆ ಕಾರ್ಖಾನೆಗಳ ಕೆಸರನ್ನು ವರ್ಷಗಟ್ಟಲೆ ತಂದು ಸುರಿದರು. 1961ರ ಮಾರ್ಚ್‌ನಲ್ಲಿ ಅದಕ್ಕೆ ಕಟ್ಟಿದ್ದ ಒಡ್ಡು ಒಡೆದು ಕೆಳಗಿನ ಬಡಾವಣೆಯ ಮೇಲೆ ಕೆಸರು ನುಗ್ಗಿತು, ನೂರಾರು ಜನ ಸತ್ತರು. ಆಮೇಲೆ ಅಲ್ಲಿ ರಸ್ತೆ ಬಂತು, ಮನೆಗಳು ಬಂದವು, ಪಾರ್ಕು ಬಂತು. 1976ರಲ್ಲಿ ಸ್ಮಾರಕವೂ ಬಂತು, ಆದರೆ ಅದರ ಮೇಲೆ ಸೋವಿಯತ್ ನಾಗರಿಕರು, ಯುದ್ಧಕೈದಿಗಳು ಎಂದಿತ್ತೇ ಹೊರತು ಯಹೂದಿ ಎಂಬ ಮಾತಿಲ್ಲ. ಏಳು ಕವಲಿನ ಯಹೂದಿ ದೀಪಸ್ತಂಭ ಅಲ್ಲಿ ನಿಂತದ್ದು 1991ರಲ್ಲಿ, ಹತ್ಯೆಯ 50ನೇ ವರ್ಷಕ್ಕೆ. ಅಷ್ಟು ವರ್ಷ ಆ ಮರಗಳ ನೆರಳಿನಲ್ಲಿ ತಿರುಗಾಡಿದ ಎಷ್ಟೋ ಜನರಿಗೆ ಕಾಲಡಿಯಲ್ಲಿ ಯಾರಿದ್ದಾರೆ ಎಂದು ಹೇಳುವ ಒಂದು ಸಾಲೂ ಅಲ್ಲಿರಲಿಲ್ಲ.

ಹಾಗಾಗಿ ಹಸಿರು ಉಳಿಯಲಿ, ಮರ ಉಳಿಯಲಿ ಎನ್ನುವ ವಾದವೊಂದೇ ಸಾಲದು. ಅಲ್ಲಿ ಏನಾಯಿತು, ಯಾರಿಗಾಯಿತು ಎಂದು ಹೆಸರು ಹಿಡಿದು ಹೇಳಬೇಕು.

ಹೆಸರು ಹಿಡಿದು ಹೇಳುವ ಕೆಲಸ ಮಾಡಿದ್ದು ಆಮ್‌ಸ್ಟರ್‌ಡಾಮ್. ಅಲ್ಲಿಯ ಜಗಳ ಲಂಡನ್ನಿನ ಜಗಳಕ್ಕೆ ತುಂಬಾ ಹತ್ತಿರ. ಊರಿನ ಅತಿ ಹಳೆಯ ಪಾರ್ಕು ವರ್ಟ್‌ಹೈಮ್ ಪಾರ್ಕ್, 1812ರದ್ದು. ಹೆಸರು ಒಬ್ಬ ಯಹೂದಿ ಬ್ಯಾಂಕರ್‌ನದು. ಅಲ್ಲಿ 1993ರಿಂದ ಯಾನ್ ವೋಲ್ಕರ್ಸ್ ಮಾಡಿದ ಆಶ್‌ವಿಟ್ಜ್ ಸ್ಮಾರಕ ಇದೆ. ನೆಲದ ಮೇಲೆ ಒಡೆದ ಕನ್ನಡಿಗಳು, ಅಷ್ಟೆ. ಮೇಲಿನ ಆಕಾಶ ಅದರಲ್ಲಿ ಚೂರುಚೂರಾಗಿ ಕಾಣುತ್ತದೆ. ಕೆಳಗೆ ಆಶ್‌ವಿಟ್ಜ್‌ನಿಂದ ತಂದ ಬೂದಿಯ ಕರಂಡಕ. ಪ್ರತಿ ಜನವರಿಯ ಕೊನೆಯ ಭಾನುವಾರ ಜನ ಅಲ್ಲಿ ಸೇರುತ್ತಾರೆ. ಉಳಿದ ದಿನ ಅದು ಸುತ್ತಲಿನವರ ಪಾರ್ಕು.

ನೆದರ್‌ಲ್ಯಾಂಡ್ಸ್‌ನಿಂದ ಸಾಗಿಸಿ ಕೊಂದ ಒಂದು ಲಕ್ಷಕ್ಕೂ ಹೆಚ್ಚು ಜನರ ಹೆಸರಿನ ಸ್ಮಾರಕವೂ ಮೊದಲು ಇದೇ ಪಾರ್ಕಿಗೆ ಬರಬೇಕಿತ್ತು. ಪಾರ್ಕು ಸಣ್ಣದು, ಅದರ ಭಾರ ತಡೆಯದು ಎಂದು ಅಕ್ಕಪಕ್ಕದವರು ಬೇಡವೆಂದರು. ಹತ್ತಿರದ ವೇಸ್ಪರ್ ಬೀದಿಯ ಪಕ್ಕದ ಹಸಿರು ಪಟ್ಟಿಗೆ ಜಾಗ ಬದಲಾಯಿತು. ಅಲ್ಲಿಯ ನಿವಾಸಿಗಳೂ ಮರ ಹೋಗುತ್ತದೆ, ಜನಜಂಗುಳಿ ಆಗುತ್ತದೆ ಎಂದು ಕೋರ್ಟಿಗೆ ಹೋದರು. 2019ರಲ್ಲಿ ಕೋರ್ಟು ಸ್ಮಾರಕದ ಪರ ನಿಂತಿತು. 2021ರ ಸೆಪ್ಟೆಂಬರ್‌ನಲ್ಲಿ ದೊರೆ ವಿಲೆಮ್-ಅಲೆಕ್ಸಾಂಡರ್ ಉದ್ಘಾಟನೆ ಮಾಡಿದರು. ವಾಸ್ತುಶಿಲ್ಪಿ ಡೇನಿಯಲ್ ಲಿಬೆಸ್ಕಿಂಡ್. ಇಟ್ಟಿಗೆ ಗೋಡೆಗಳು, ಒಂದೊಂದು ಇಟ್ಟಿಗೆಗೆ ಒಬ್ಬೊಬ್ಬರ ಹೆಸರು, ಹುಟ್ಟಿದ ದಿನ, ಸಾಯುವಾಗಿನ ವಯಸ್ಸು. ಒಂದೇ ಮನೆತನದ ಹೆಸರು ಸಾಲು ಸಾಲಾಗಿ ಬರುತ್ತದೆ, ಅಜ್ಜಿಯ ವಯಸ್ಸಿನ ಪಕ್ಕದಲ್ಲೇ ಮಗುವಿನ ವಯಸ್ಸು. ಇಲ್ಲಿ ನನಗೆ ಮುಖ್ಯ ಅನ್ನಿಸುವುದು ನೆಲದಡಿಯಲ್ಲಿ ಮ್ಯೂಸಿಯಂ ಇಲ್ಲ ಎನ್ನುವುದು. ಪಾಠ ಹೇಳುವ ಕೆಲಸಕ್ಕೆ ಹತ್ತಿರದಲ್ಲೇ ಬೇರೆ ಕಟ್ಟಡಗಳಿವೆ. ಹೆಸರುಗಳು ಮಾತ್ರ ಬಯಲಿನಲ್ಲಿವೆ.

ಪೋಲೆಂಡಿನ ವೂಚ್ ನಗರ ಇನ್ನೂ ಬೇರೆ ದಾರಿ ಹಿಡಿಯಿತು. ಅಲ್ಲಿಯ ಘೆಟ್ಟೋದಲ್ಲಿ, ಅಂದರೆ ನಾಜಿಗಳು ಯಹೂದಿಗಳಿಗೆಂದೇ ಬೇರ್ಪಡಿಸಿದ ಬಡಾವಣೆಯಲ್ಲಿ, ಸುಮಾರು 2 ಲಕ್ಷ ಯಹೂದಿಗಳನ್ನು ಕೂಡಿಹಾಕಿದ್ದರು. 1944ರ ಆಗಸ್ಟ್‌ನಲ್ಲಿ ಉಳಿದವರನ್ನೆಲ್ಲ ಸಾಗಿಸಿ ಘೆಟ್ಟೋ ಖಾಲಿ ಮಾಡಿದರು. 60 ವರ್ಷದ ನಂತರ, 2004ರ ಆಗಸ್ಟ್‌ನಲ್ಲಿ, ಬದುಕುಳಿದವರ ಪಾರ್ಕ್ ಶುರುವಾಯಿತು. ಅದು ಘೆಟ್ಟೋದಿಂದ ಬದುಕಿ ಬಂದ ಹಲೀನಾ ಎಲ್ಚೆವ್ಸ್ಕಾ ಅವರ ಯೋಚನೆ. ಲೋಕದ ಮೂಲೆಮೂಲೆಯಿಂದ ಬಂದ ಮುದುಕರು, ಮುದುಕಿಯರು ಅಲ್ಲಿ ತಮ್ಮ ಹೆಸರಿನ ಸಸಿ ನೆಟ್ಟರು. ಪ್ರತಿ ಮರಕ್ಕೂ ಒಂದು ನಂಬರ್, ಯಾರದ್ದು ಎಂದು ತಿಳಿಸುವ ಫಲಕ. ನೆಟ್ಟವರಲ್ಲಿ ಬಹಳ ಜನ ಈಗಿಲ್ಲ, ಮರಗಳಿವೆ. ಸತ್ತವರ ಲೆಕ್ಕದ ಜೊತೆಗೆ ಉಳಿದವರ ಲೆಕ್ಕವನ್ನೂ ಇಡುವ ಇಂಥ ಜಾಗಗಳು ಕಡಿಮೆ. ಇಲ್ಲಿ ಪಾರ್ಕಿನೊಳಗೆ ಸ್ಮಾರಕ ತಂದಿಡಲಿಲ್ಲ, ಮೊದಲಿಂದಲೇ ಪಾರ್ಕನ್ನು ಸ್ಮಾರಕವಾಗಿ ಬೆಳೆಸಿದರು. ಅದಕ್ಕೇ ಅಲ್ಲಿ ಸಿಗುವ ಸರಾಗ ಲಂಡನ್ನಿಗೆ ಸಿಗುವುದು ಕಷ್ಟ.

ಇಷ್ಟು ನೋಡಿದ ಮೇಲೆ ಲಂಡನ್ ಯೋಜನೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳು ಒಂದೇ ಗಂಟಾಗಿವೆ ಅನ್ನಿಸುತ್ತದೆ. ಒಂದು ನೆನೆಯುವುದು, ಇನ್ನೊಂದು ಕಲಿಸುವುದು. ನೆನೆಯುವ ಕೆಲಸಕ್ಕೆ ಪಾರ್ಲಿಮೆಂಟ್ ಪಕ್ಕದ ಬಯಲು ಸರಿಯಾದ ಜಾಗ. ಆ ವಾದವನ್ನು ನಾನು ಮನಸಾರೆ ಒಪ್ಪುತ್ತೇನೆ. ಗುಲಾಮಗಿರಿ, ಮತದ ಹಕ್ಕು, ಮುತ್ತಿಗೆ, ಎಲ್ಲದರ ನೆನಪಿರುವ ಜಾಗದಲ್ಲಿ 60 ಲಕ್ಷ ಜನರ ನೆನಪಿಗೆ ಜಾಗವಿಲ್ಲ ಎನ್ನುವುದು ಹೇಗೆ ಸಾಧ್ಯ? ಆದರೆ ಆ ಮೂರರಂತೆ ಇದೂ ತೆರೆದಿರಬೇಕು. ಬ್ಯಾಗು ತೋರಿಸದೆ, ಸಾಲು ನಿಲ್ಲದೆ ಹತ್ತಿರ ಹೋಗುವಂತಿರಬೇಕು.

ನೆಲ ಅಗೆಯುವುದು, ಪ್ರವೇಶ ಮಂಟಪ, ತಪಾಸಣೆ, ಟಿಕೆಟ್, ಹಳೆಯ ಪ್ಲೇನ್ ಮರಗಳ ಬೇರಿಗೆ ಅಪಾಯ, ಪ್ರವಾಹದ ಭಯ, ಇವೆಲ್ಲ ಬಂದದ್ದು ಕಲಿಕಾ ಕೇಂದ್ರದಿಂದ. ಕಲಿಸುವುದು ಬೇಡ ಎನ್ನುತ್ತಿಲ್ಲ. ಹಾಗೆ ನೋಡಿದರೆ ಬ್ರಿಟನ್ನಿಗೆ ಅದು ಇನ್ನೂ ಜಾಸ್ತಿ ಬೇಕು. 1938-39ರಲ್ಲಿ ನಾಜಿಗಳ ಕೈಯಿಂದ ತಪ್ಪಿಸಿ ಸುಮಾರು 10,000 ಮಕ್ಕಳನ್ನು, ಹೆಚ್ಚಿನವರು ಯಹೂದಿಗಳು, ಬ್ರಿಟನ್ ಕರೆಸಿಕೊಂಡಿತು, ಅದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಅವರ ಅಪ್ಪ ಅಮ್ಮಂದಿರಿಗೆ ಆ ದಾರಿ ಇರಲಿಲ್ಲ. 1939ರಲ್ಲಿ, ಆಗ ತನ್ನ ಆಳ್ವಿಕೆಯಲ್ಲಿದ್ದ ಪ್ಯಾಲೆಸ್ಟೈನ್‌ಗೆ ಹೋಗುವ ಯಹೂದಿಗಳಿಗೆ ಐದು ವರ್ಷಕ್ಕೆ 75,000 ಎಂದು ಮಿತಿ ಹಾಕಿದ್ದೂ ಬ್ರಿಟನ್ನೇ. ಇದನ್ನೆಲ್ಲ ಸರಿಯಾಗಿ ಹೇಳಲು ವಿಶಾಲವಾದ ಕೋಣೆಗಳು ಬೇಕು, ದಾಖಲೆಗಳು ಬೇಕು, ಸಮಯ ಬೇಕು. ನೆಲದಡಿಯ ಇಕ್ಕಟ್ಟಿನಲ್ಲಿ ತಾಸೊಂದರ ಭೇಟಿಯಲ್ಲಿ ಎಷ್ಟು ಹೇಳಲಾದೀತು?

ಅದಕ್ಕೆ ಬೇಕಾದ ಸಂಸ್ಥೆಗಳು ಲಂಡನ್ನಿನಲ್ಲಿ ಆಗಲೇ ಇವೆ. ಆಲ್‌ಫ್ರೆಡ್ ವೀನರ್ 1933ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ನಾಜಿಗಳ ಬಗ್ಗೆ ದಾಖಲೆ ಕೂಡಿಸಲು ಶುರು ಮಾಡಿ, 1939ರಲ್ಲಿ ಲಂಡನ್‌ಗೆ ತಂದ ಸಂಗ್ರಹ ಇವತ್ತಿನ ವೀನರ್ ಲೈಬ್ರರಿ. ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ 2021ರಲ್ಲಿ ಹೊಸ ಹಾಲೊಕಾಸ್ಟ್ ಗ್ಯಾಲರಿಗಳು ತೆರೆದಿವೆ. ಅದು ಇರುವುದು ಲ್ಯಾಂಬೆತ್ ರಸ್ತೆಯಲ್ಲಿ. ಈ ಪಾರ್ಕಿನಿಂದ ಲ್ಯಾಂಬೆತ್ ಸೇತುವೆ ದಾಟಿ ನೇರ ನಡೆದರೆ ಒಂದು ಮೈಲಿಯೊಳಗೇ. ಪಾರ್ಕಿನಲ್ಲಿ ಕಂಚಿನ ಹಲಗೆಗಳು ನಿಲ್ಲಲಿ, ಕಲಿಕಾ ಕೇಂದ್ರದ ಹಣವನ್ನು ಈ ಮ್ಯೂಸಿಯಂಗೋ ಲೈಬ್ರರಿಗೋ ಕೊಡಲಿ. ಶಾಲೆಯ ಮಕ್ಕಳು ಎರಡೂ ಕಡೆ ಹೋಗಲಿ. ಇಷ್ಟು ಸರಳ ದಾರಿಯನ್ನು ಇಷ್ಟು ವರ್ಷದಲ್ಲಿ ಗಂಭೀರವಾಗಿ ಪರಿಗಣಿಸಲಿಲ್ಲ ಎನ್ನುವುದು ಬೇಸರದ ಸಂಗತಿ. ಆಯೋಗ 2015ರಲ್ಲಿ ಸ್ಮಾರಕ ಮತ್ತು ಕೇಂದ್ರ ಜೊತೆಯಲ್ಲೇ ಇರಲಿ ಎಂದಿತ್ತು ನಿಜ. ಆದರೆ ಆಗ ಅದು ಈ ಪಾರ್ಕನ್ನು ಗುರುತಿಸಿರಲಿಲ್ಲ.

ಹೊಸ ಮಸೂದೆ ತೆಗೆದುಹಾಕುವುದು 1900ರ ಕಾಯ್ದೆಯ ಅಡ್ಡಿಯನ್ನು ಮಾತ್ರ. ಕಟ್ಟಡದ ಅನುಮತಿ ಬೇರೆಯೇ ವಿಷಯ. 2021ರ ಅನುಮತಿ ರದ್ದಾಗಿರುವುದರಿಂದ ಆ ತೀರ್ಮಾನ ಹೊಸದಾಗಿ ಆಗಬೇಕು. ಮರಗಳ ಬೇರು, ಬಕ್ಸ್‌ಟನ್ ಕಾರಂಜಿಯ ನೋಟ, ನದಿಯ ಪ್ರವಾಹ, ಭದ್ರತೆ ಎಲ್ಲ ಮತ್ತೆ ಮೇಜಿನ ಮೇಲೆ ಬರಬೇಕು. ಮಕ್ಕಳ ಆಟದ ಜಾಗ ಈಗಿರುವ ಹಾಗೆ ಉಳಿಯುವುದಿಲ್ಲ, ಹೊಸದು ಮಾಡಿಕೊಡುತ್ತೇವೆ ಎಂದು ಸರ್ಕಾರ ಹೇಳುತ್ತಿದೆ. ವಿಯೆನ್ನಾದ ಮಕ್ಕಳ ಕಥೆ ಗೊತ್ತಿರುವವರು ಆ ಆಟದ ಜಾಗದ ವಿಷಯವನ್ನು ಪಟ್ಟಿಯ ಕೊನೆಗೆ ತಳ್ಳಬಾರದು, ಅಲ್ವಾ? ತೀರ್ಮಾನ ಮಾಡುವ ಸಚಿವರ ಮುಂದೆ ನಕ್ಷೆ ಬಂದಾಗ ಆಟದ ಜಾಗದ ಅಳತೆಯನ್ನು ಮೊದಲು ಕೇಳಬೇಕು, ಕಂಚಿನ ಹಲಗೆಯ ಎತ್ತರವನ್ನು ಆಮೇಲೆ ಕೇಳಿದರೂ ನಡೆಯುತ್ತದೆ.